ಕಿದಿಯೂರಿನ ಹಾಟ್ ಆ್ಯಂಡ್ ಕೋಲ್ಡ್ ಎಸಿಗೆ ನಿಜವಾದ ವಯಸ್ಸೆಷ್ಟು?

ಮಾವನ ಮನೆಯ ಮಹಡಿ ಕೋಣೆಯಲ್ಲಿ 1.5 ಟನ್ನಿನ ಒಂದು ಸ್ಪ್ಲಿಟ್ ಎಸಿ ಇತ್ತು. ಮನೆ ಇರುವುದು ಉಡುಪಿಯ ಕಿದಿಯೂರಿನಲ್ಲಿ. ಸಮುದ್ರ ಹೆಚ್ಚು ದೂರ ಇಲ್ಲ, ಗಾಳಿ ಜೋರಿದ್ದ ರಾತ್ರಿ ಅಲೆಯ ಸದ್ದು ಒಳಗೇ ಕೇಳುತ್ತದೆ. ಎಸಿ ಮಾಮೂಲಿಯದ್ದಲ್ಲ, ಹಾಟ್ ಆ್ಯಂಡ್ ಕೋಲ್ಡ್. ಅಂದರೆ ಬೇಸಿಗೆಯಲ್ಲಿ ಒಳಗಿನ ಶಾಖ ಹೊರಗೆ, ಚಳಿಗಾಲದಲ್ಲಿ ಹೊರಗಿನ ಶಾಖ ಒಳಗೆ ತಳ್ಳುವ ಪಕ್ಕಾ ಹೀಟ್ ಪಂಪ್. ಉಡುಪಿಯಲ್ಲಿ ಬಿಸಿಗಾಳಿ ಬಿಡುವ ಯಂತ್ರ ಎಂತಕ್ಕೆ ಮಾರಾಯ್ರೆ ಅಂತ ಕೇಳಬೇಡಿ. ಮಾವ ಬ್ಯಾಂಕಿನಲ್ಲಿದ್ದವರು. ದೆಹಲಿಗೆ ವರ್ಗವಾಗಿ ಅಲ್ಲೇ ವರ್ಷಗಟ್ಟಲೆ ಇದ್ದು, 2018ರಲ್ಲಿ ನಿವೃತ್ತಿಯಾದಾಗ ಸೋಫಾ, ಕಪಾಟುಗಳ ಜೊತೆ ಇದನ್ನೂ ಲಾರಿಗೆ ಹಾಕಿಸಿಕೊಂಡು ಊರಿಗೆ ಬಂದರು. ನಮ್ಮ ಕಡೆಯ ಬ್ಯಾಂಕಿನವರ ಮನೆಗಳಲ್ಲಿ ಇಂಥ ಉತ್ತರ ಭಾರತದ ಸಾಮಾನು ಬೇಕಾದಷ್ಟು ಸಿಗುತ್ತದೆ. ರೂಮ್ ಹೀಟರ್, ರಜಾಯಿ, ಕೂಲರ್ ಎಲ್ಲ.

ಮಾರ್ಚ್ ಬಂದದ್ದೇ ತಡ, ಎಸಿ ತಣ್ಣಗೆ ಮಾಡುವುದನ್ನು ನಿಲ್ಲಿಸಿತು. ಫ್ಯಾನ್ ತಿರುಗುತ್ತದೆ, ಹೊರಗಡೆ ಕಂಪ್ರೆಸರ್ ಗುಂಯ್ ಅನ್ನುತ್ತದೆ, ಕೋಣೆ ಮಾತ್ರ ಹಾಗೇ. ಬಂದ ಮೆಕ್ಯಾನಿಕ್ ಮೇಲೆ ಹತ್ತದೆಯೇ ತೀರ್ಪು ಕೊಟ್ಟ: "ಗ್ಯಾಸ್ ಮುಗಿದಿದೆ, ತುಂಬಿಸುವ, 3500 ಆಗ್ತದೆ." ಹೋದ ವರ್ಷ ಇದೇ ಹೊತ್ತಿಗೆ ಇದೇ ಮಾತು ಹೇಳಿ ಇಷ್ಟೇ ದುಡ್ಡು ತೆಗೆದುಕೊಂಡು ಹೋಗಿದ್ದರಂತೆ. ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ, ಎಸಿಯ ಗ್ಯಾಸ್ ಬಳಸಿ ಬಳಸಿ ಮುಗಿಯುವ ವಸ್ತುವೇ ಅಲ್ಲ. ಸೀಲ್ ಆದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ದುಡ್ಡನ್ನು ಗಾಳಿಗೆ ಬಿಟ್ಟ ಹಾಗೆಯೇ.

ಆದರೆ ತೂತು ಹುಡುಕಿ ರಿಪೇರಿ ಮಾಡಿಸುವುದಕ್ಕೂ ಮೊದಲು ಒಂದು ಪ್ರಶ್ನೆ ಇತ್ತಲ್ಲ, ಈ ಯಂತ್ರಕ್ಕೆ ಎಷ್ಟು ವಯಸ್ಸು, ಇದರ ಮೇಲೆ ಇನ್ನೂ ದುಡ್ಡು ಹಾಕಬೇಕಾ? ಮಾವ ಹೇಳಿದ್ದು "ಏಳೆಂಟು ವರ್ಷ ಆಗಿರಬಹುದಪ್ಪ." ಊರಿಗೆ ಬಂದ ಮೇಲಿನ ಲೆಕ್ಕ ಅದು. ಎಲ್ಲರೂ ಹೀಗೇ, ಗೋಡೆಗೆ ಹಾಕಿಸಿದ ದಿನದಿಂದ ಎಣಿಸುತ್ತಾರೆ. ಬಿಲ್ ಇಲ್ಲ, ಡಬ್ಬ ಇಲ್ಲ, ವಾರಂಟಿ ಕಾರ್ಡ್ ದೆಹಲಿಯಲ್ಲೇ ಎಲ್ಲೋ ಹೋಗಿದೆ.

ಮೊದಲು ನೋಡಬೇಕಾದ್ದು ಕಂಪನಿಯ ಸ್ಟಿಕ್ಕರ್. ಔಟ್‌ಡೋರ್ ಯೂನಿಟ್ಟಿನ ಸ್ಟಿಕ್ಕರ್ ಬಿಸಿಲು, ಮಳೆಗೆ ಪೂರ್ತಿ ಬಿಳಿಯಾಗಿತ್ತು. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ ಬೀಳುವಾಗ ಕಾಗದ ಉಳಿಯುವುದಾದರೂ ಹೇಗೆ? ಇಂಡೋರಿನ ಸ್ಟಿಕ್ಕರ್ ಪಕ್ಕದಲ್ಲಿ, ಗೋಡೆಯ ಕಡೆಗಿತ್ತು. ಮೊಬೈಲನ್ನು ಸಂದಿಯಲ್ಲಿ ತೂರಿಸಿ ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಓದಬಹುದು, ಸ್ಟೂಲ್ ಮೇಲೆ ನಿಂತು ಕುತ್ತಿಗೆ ತಿರುಚುವ ಅಗತ್ಯ ಇಲ್ಲ. ಅದರಲ್ಲಿ ಮಾಡೆಲ್ ನಂಬರ್, ಗ್ಯಾಸ್ ಆರ್‌22, 230 ವೋಲ್ಟ್, ಪೂರ್ತಿ ಓಡುವಾಗಿನ ಕರೆಂಟು, ಆಮೇಲೆ ಉದ್ದದ ಸೀರಿಯಲ್ ನಂಬರ್ ಎಲ್ಲ ಇತ್ತು. ತಯಾರಾದ ತಿಂಗಳು, ವರ್ಷ ಇರಬೇಕಾದ ಮೂಲೆ ಮಾತ್ರ ಕಿತ್ತುಹೋಗಿತ್ತು.

ಸೀರಿಯಲ್ ನಂಬರಿನೊಳಗೆ ಹೆಚ್ಚಾಗಿ ತಾರೀಖು ಅಡಗಿರುತ್ತದೆ, ಆದರೆ ಒಂದೊಂದು ಕಂಪನಿಯದ್ದು ಒಂದೊಂದು ಲೆಕ್ಕ. ಎಲ್‌ಜಿಯಲ್ಲಿ ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಎರಡು ತಿಂಗಳು. 403 ಅಂತ ಶುರುವಾದರೆ 2014ರ ಮಾರ್ಚ್. 2004, 2024 ಕೂಡ ಆಗಬಹುದು, ಅದನ್ನು ಬೇರೆ ಗುರುತು ನೋಡಿ ನಾವೇ ತೀರ್ಮಾನಿಸಬೇಕು. ಅಮೆರಿಕದ ಕ್ಯಾರಿಯರ್ ಹೀಟ್ ಪಂಪುಗಳಲ್ಲಿ ಮೊದಲ ಎರಡು ಅಂಕಿ ವಾರ, ಆಮೇಲಿನ ಎರಡು ವರ್ಷ, 3105 ಎಂದರೆ 2005ರ 31ನೇ ವಾರ. ಮಾವನ ಎಸಿ ಈ ಎರಡೂ ಅಲ್ಲ, ಅದರ ನಂಬರಿನಲ್ಲಿ ವರ್ಷದಂತೆ ಕಾಣುವ ಅಂಕಿ ಮೂರು ಕಡೆ ಇತ್ತು. ಯಾವುದನ್ನೂ ನಂಬುವ ಹಾಗಿಲ್ಲ.

ಹಾಗಾಗಿ ನಕ್ಷತ್ರದ ಲೇಬಲ್ ಕಡೆಗೆ ಬಂದೆ. ಮುಂದಿನ ಪ್ಯಾನಲಿನ ಮೇಲೆ ಬಿಇಇ (ವಿದ್ಯುತ್ ಉಳಿತಾಯಕ್ಕೆ ನಕ್ಷತ್ರ ಕೊಡುವ ಕೇಂದ್ರ ಸರಕಾರದ ಸಂಸ್ಥೆ) ಲೇಬಲ್ ಬಣ್ಣ ಮಾಸಿ ಅರ್ಧ ಉಳಿದಿತ್ತು. 3 ನಕ್ಷತ್ರ, ಇಇಆರ್ 2.79. ಇಇಆರ್ ಅಂದರೆ ಒಂದು ವ್ಯಾಟ್ ಕರೆಂಟಿಗೆ ಎಷ್ಟು ವ್ಯಾಟ್ ತಂಪು ಅನ್ನುವ ಅಳತೆ. ಇಷ್ಟರಲ್ಲೇ ಬಹಳಷ್ಟು ಗೊತ್ತಾಗುತ್ತದೆ. 2018ರ ಜನವರಿಯಿಂದ ಎಸಿಗಳ ಲೇಬಲಿನಲ್ಲಿ ಐಎಸ್‌ಇಇಆರ್ ಎಂಬ, ಇಡೀ ಋತುವಿನ ಸರಾಸರಿ ಹಿಡಿಯುವ ಬೇರೆ ಅಳತೆ ಕಡ್ಡಾಯವಾಯಿತು, ಆದ್ದರಿಂದ ಬರೀ ಇಇಆರ್ ಇದ್ದರೆ ಅದಕ್ಕಿಂತ ಹಳೆಯದು. ಇನ್ನೂ ಒಂದು ಉಪಾಯ ಉಂಟು. ಬಿಇಇಯವರು ನಕ್ಷತ್ರದ ಪಟ್ಟಿಯನ್ನು ಆಗಾಗ ಬಿಗಿ ಮಾಡುತ್ತಾ ಬಂದಿದ್ದಾರೆ. ಸ್ಪ್ಲಿಟ್ ಎಸಿಗೆ 2.7ರಿಂದ 2.89ರ ಒಳಗಿನ ಇಇಆರ್ ಇದ್ದರೆ 2010 ಮತ್ತು 2011ರಲ್ಲಿ 3 ನಕ್ಷತ್ರ ಸಿಗುತ್ತಿತ್ತು. 2012, 2013ರಲ್ಲಿ ಅದಕ್ಕೇ 2 ನಕ್ಷತ್ರ. 2014ರಿಂದ ಒಂದೇ ಒಂದು. ಮಾವನ ಲೇಬಲಿನಲ್ಲಿ 2.79ಕ್ಕೆ 3 ನಕ್ಷತ್ರ ಇದೆಯಲ್ಲ, ಹಾಗಾದರೆ ಲೇಬಲ್ 2010–11ರದ್ದು. ಹೊಸ ಎಸಿಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ. ಐಎಸ್‌ಇಇಆರ್ 4.6 ಇದ್ದ ಎಸಿ 2018ರಿಂದ 2022ರ ಜೂನ್ ತನಕ 5 ನಕ್ಷತ್ರದ್ದು, ಜುಲೈಯಿಂದ 4ಕ್ಕೆ ಇಳಿಯಿತು. ಲೇಬಲಿನಲ್ಲಿ ಎಷ್ಟು ನಕ್ಷತ್ರ ಅನ್ನುವುದಕ್ಕಿಂತ ಯಾವ ವರ್ಷದ ನಕ್ಷತ್ರ ಅನ್ನುವುದು ಮುಖ್ಯ.

ಲೇಬಲ್ ಒಂದನ್ನೇ ನಂಬಲು ಮನಸ್ಸಾಗಲಿಲ್ಲ. ಅಂಗಡಿಯಲ್ಲಿ ಹಳೆಯ ಲೇಬಲಿನ ಸ್ಟಾಕ್ ಸುಮಾರು ಸಮಯ ಕೂತಿರಬಹುದು. ಮೇನ್ ಆಫ್ ಮಾಡಿ ಪ್ಯಾನಲ್ ಬಿಚ್ಚಿದೆ.

ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟದ್ದು ಇದೇ ಭಾಗ. ಪ್ಯಾನಲನ್ನು ಮಗುಚಿ ಒಳಬದಿ ಒರೆಸಿದರೆ, ಮೂಲೆಯಲ್ಲಿ ನಾಲ್ಕಾಣೆ ನಾಣ್ಯಕ್ಕಿಂತಲೂ ಚಿಕ್ಕದಾದ ಒಂದು ವೃತ್ತ ಪ್ಲಾಸ್ಟಿಕ್ಕಿನಲ್ಲೇ ಉಬ್ಬಿ ನಿಂತಿದೆ. ಸುತ್ತ 1ರಿಂದ 12ರ ತನಕ ಅಂಕಿ, ಮಧ್ಯದಲ್ಲಿ ಒಂದು ಬಾಣ, ಬಾಣದ ಎರಡೂ ಬದಿಗೆ ಒಂದೊಂದು ಅಂಕಿ: 1 ಮತ್ತು 0. ಬಾಣದ ತುದಿ 11ರ ಕಡೆ. ಅಂದರೆ ಈ ತುಂಡು ಅಚ್ಚಿನಿಂದ ಹೊರಬಂದದ್ದು 2010ರ ನವೆಂಬರಿನಲ್ಲಿ. ಪ್ಲಾಸ್ಟಿಕ್ ಅಚ್ಚು ಮಾಡುವ ಕಾರ್ಖಾನೆಯವರು ಅಚ್ಚಿನೊಳಗೆ ತಿರುಗಿಸಬಹುದಾದ ಸಣ್ಣ ಬಿಲ್ಲೆ ಇಟ್ಟಿರುತ್ತಾರೆ, ತಿಂಗಳು ಬದಲಾದಾಗ ಬಾಣ ತಿರುಗಿಸುತ್ತಾರೆ, ವರ್ಷ ಬದಲಾದಾಗ ಬಿಲ್ಲೆಯನ್ನೇ ಬದಲಿಸುತ್ತಾರೆ. ಯಾವ ಬ್ಯಾಚಿನಲ್ಲಿ ದೋಷ ಬಂತು ಅಂತ ತಿಳಿಯಲು ಅವರಿಗೆ ಅದು ಬೇಕು. ನಮಗೆ ಅದು ಅಳಿಸಲಾಗದ ಜನ್ಮದಿನಾಂಕ. ನೀರು ಹೋಗುವ ತಟ್ಟೆಯ ಕೆಳಗೂ ಇಂಥದ್ದೇ ಒಂದು ಸಿಕ್ಕಿತು, ಅದರ ಬಾಣ 10ರ ಮೇಲೆ. ನಿಮ್ಮ ಮನೆಯ ವಾಷಿಂಗ್ ಮೆಷಿನ್, ಮಿಕ್ಸಿ, ಫ್ರಿಜ್ಜಿನ ತರಕಾರಿ ಡಬ್ಬ, ಯಾವುದನ್ನಾದರೂ ತಿರುಗಿಸಿ ನೋಡಿ, ಹೆಚ್ಚಿನದರಲ್ಲಿ ಇರುತ್ತದೆ. ನಾನಂತೂ ಆ ದಿನ ಅತ್ತೆಯ ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿಯೇ ಬಂದೆ.

ಪಿಸಿಬಿ, ಅಂದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಮೇಲೂ ತಾರೀಖು ಇರುತ್ತದೆ. ದೊಡ್ಡ ಐಸಿಯ (ಚಿಪ್‌ನ) ಮೇಲೆ ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ಹೆಚ್ಚಾಗಿ ನಾಲ್ಕು ಅಂಕಿ, ಮೊದಲೆರಡು ವರ್ಷ, ಕೊನೆಯೆರಡು ವಾರ. ಇಲ್ಲಿ 1033 ಇತ್ತು, 2010ರ 33ನೇ ವಾರ, ಅಂದರೆ ಆಗಸ್ಟ್. ಬಿಡಿಭಾಗ ಆಗಸ್ಟಿನದ್ದು, ಪ್ಲಾಸ್ಟಿಕ್ ಅಕ್ಟೋಬರ್, ನವೆಂಬರಿನದ್ದು. ಎಲ್ಲಾ ಸೇರಿಸಿ ಎಸಿ ಮಾಡಿದ್ದು 2010ರ ಕೊನೆಗೆ ಅಥವಾ 2011ರ ಶುರುವಿಗೆ. ಲೇಬಲ್ ಹೇಳಿದ್ದಕ್ಕೂ ತಾಳೆಯಾಯಿತು. ಮಾವನ ಏಳೆಂಟು ವರ್ಷ ಒಂದೇ ಏಟಿಗೆ ಹದಿನೈದಾಯಿತು. ಅವರು ನಂಬಲಿಲ್ಲ, ಪ್ಯಾನಲ್ ಕೈಗೆ ಕೊಟ್ಟು ಭೂತಗನ್ನಡಿಯಲ್ಲಿ ತೋರಿಸಬೇಕಾಯಿತು.

ಔಟ್‌ಡೋರ್ ಯೂನಿಟ್ ಬಿಚ್ಚಿದಾಗ ಕಥೆ ಇನ್ನೊಂದು ತಿರುವು ತೆಗೆದುಕೊಂಡಿತು. ಕಂಪ್ರೆಸರಿಗೆ ಸುತ್ತಿದ ಕಪ್ಪು ಫೆಲ್ಟ್ ಬಟ್ಟೆ ಸರಿಸಿದರೆ ಅದಕ್ಕೆ ಅದರದ್ದೇ ಪ್ರತ್ಯೇಕ ತಗಡಿನ ಪಟ್ಟಿ, ಅದರ ಮೇಲೆ 2016. ಕೊಳವೆ ಸೇರುವ ಜಾಗದಲ್ಲಿ ಬೆಸುಗೆ ಕಂಪನಿಯ ಕೆಲಸದಷ್ಟು ನಯವಾಗಿಲ್ಲ, ಸುತ್ತ ಬಣ್ಣ ಸುಟ್ಟ ಗುರುತು. ಕೆಪ್ಯಾಸಿಟರ್ ಮೇಲೆ 2019. ಆಗ ಅತ್ತೆಗೆ ನೆನಪಾಯಿತು, ದೆಹಲಿಯಲ್ಲಿ ಒಂದು ಬೇಸಿಗೆ ಎಸಿ ಪೂರ್ತಿ ನಿಂತು ದೊಡ್ಡ ಖರ್ಚಾಗಿತ್ತಂತೆ. ಹಾಗಾದರೆ ಈ ಎಸಿಯ ವಯಸ್ಸೆಷ್ಟು ಹೇಳಿ ನೋಡುವ? ಮೈ 2010ರದ್ದು, ಹೃದಯ 2016ರದ್ದು, ಸಮುದ್ರದ ಗಾಳಿ ತಿನ್ನಲು ಶುರುಮಾಡಿದ್ದು 2018ರಿಂದ. ಹಳೆ ಎಸಿ ಕೊಳ್ಳುವವರು ಬರೀ ಕಂಪ್ರೆಸರ್ ನೋಡಿ "ಹೊಸದೇ" ಅಂದರೆ ಸೋಲುತ್ತಾರೆ, ಬರೀ ಸ್ಟಿಕ್ಕರ್ ನೋಡಿ "ಹಳೆಯದು" ಅಂದರೂ ಸೋಲುತ್ತಾರೆ.

ಹೀಟ್ ಪಂಪಿನ ಆಯಸ್ಸು 10ರಿಂದ 15 ವರ್ಷ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಮೆರಿಕ ಸರಕಾರದ ವಿದ್ಯುತ್ ಉಳಿತಾಯದ ಯೋಜನೆಯಾದ ಎನರ್ಜಿ ಸ್ಟಾರ್‌ನವರು 10 ವರ್ಷ ದಾಟಿದರೆ ಬದಲಿಸುವ ಬಗ್ಗೆ ಯೋಚಿಸಿ ಅನ್ನುತ್ತಾರೆ. ಅಲ್ಲಿ ಅದು ಬೇಸಿಗೆಗೂ ಚಳಿಗಾಲಕ್ಕೂ ದುಡಿಯುತ್ತದೆ, ಬರೀ ತಂಪು ಮಾಡುವ ಎಸಿಗಿಂತ ಗಂಟೆಗಳ ಲೆಕ್ಕ ಜಾಸ್ತಿ. ಮಾವನದ್ದೂ ದೆಹಲಿಯಲ್ಲಿ ಹಾಗೇ ದುಡಿದಿದೆ, ಮೇ ತಿಂಗಳ ಸೆಕೆಗೂ ಜನವರಿಯ ಚಳಿಗೂ. ಅಮೆರಿಕದವರಿಗೆ ಇನ್ನೊಂದು ಸುಲಭ ಸೂತ್ರ ಇದೆ: ಯಂತ್ರದ ವಯಸ್ಸನ್ನು ರಿಪೇರಿ ಖರ್ಚಿನಿಂದ ಗುಣಿಸಿ, 5000 ಡಾಲರ್ ದಾಟಿದರೆ ಹೊಸದು ತಗೊಳ್ಳಿ. ನಮ್ಮಲ್ಲಿ ಕೂಲಿ ಕಡಿಮೆ, ಯಂತ್ರದ ಬೆಲೆಯೂ ಬೇರೆ, ಆ ಸೂತ್ರವನ್ನು ಸುಮ್ನೆ ರೂಪಾಯಿಗೆ ತಿರುಗಿಸಿದರೆ ಉಪಯೋಗ ಇಲ್ಲ. ಕರಾವಳಿಯಲ್ಲಿ ವಯಸ್ಸಿನ ಸೂತ್ರಗಳೇ ಅಷ್ಟಾಗಿ ನಡೆಯುವುದಿಲ್ಲ. ಕಾರ್ಕಳದಲ್ಲಿ 15 ವರ್ಷ ಬರುವ ಔಟ್‌ಡೋರ್, ಮಲ್ಪೆಯಲ್ಲೋ ಉಳ್ಳಾಲದಲ್ಲೋ ಸಮುದ್ರಕ್ಕೆ ಮುಖ ಮಾಡಿ ನಿಂತರೆ ಅದರ ಅರ್ಧಕ್ಕೇ ಮುಗಿಯಬಹುದು.

ಸರಿ, ವಯಸ್ಸು ಗೊತ್ತಾಯಿತು. ಈಗ ಪರೀಕ್ಷೆ. ಗೇಜ್, ನೈಟ್ರೋಜನ್ ಸಿಲಿಂಡರ್, ಗ್ಯಾಸ್ ವಾಪಸ್ ಎಳೆಯುವ ಮೆಷಿನ್ ಎಲ್ಲಾ ಇರುವ ಪರಿಚಯದ ಹುಡುಗನೊಬ್ಬನನ್ನು ಕರೆಸಿದೆ. ಕರೆಂಟು ಅಳೆಯುವ ಕ್ಲಾಂಪ್ ಮೀಟರ್, ಥರ್ಮಾಮೀಟರ್ ನನ್ನದು.

ಎಸಿಯೊಳಗೆ ಹೋಗುವ ಗಾಳಿ 30 ಡಿಗ್ರಿ, ಹೊರಬರುವ ಗಾಳಿ 25. ಬರೀ 5 ಡಿಗ್ರಿ ವ್ಯತ್ಯಾಸ. ಚೆನ್ನಾಗಿರುವ ಎಸಿಯಲ್ಲಿ 8ರಿಂದ 12 ಇರಬೇಕು. ಕರೆಂಟು 5.4 ಆಂಪಿಯರ್, ಸ್ಟಿಕ್ಕರ್ ಹೇಳುವ ಪ್ರಕಾರ 8ರ ಹತ್ತಿರ ಇರಬೇಕಿತ್ತು. ಕಂಪ್ರೆಸರಿಗೆ ಎಳೆಯಲು ಗ್ಯಾಸ್ ಇಲ್ಲದಿದ್ದರೆ ಕರೆಂಟು ಕಡಿಮೆಯೇ ಎಳೆಯುತ್ತದೆ. ಇಂಥ ಎಸಿ ಕಡಿಮೆ ಕರೆಂಟು ತಿನ್ನುತ್ತಿದೆ ಅಂತ ಖುಷಿಪಡಬೇಡಿ, ಅದು ರಾತ್ರಿಯಿಡೀ ನಿಲ್ಲದೆ ಓಡುತ್ತದೆ. ಗೇಜಿನಲ್ಲಿ ಓಡುವಾಗಿನ ಒತ್ತಡ 38 ಪಿಎಸ್‌ಐ, ಆರ್‌22ಗೆ 60ರಿಂದ 70ರ ಒಳಗಿರಬೇಕಿತ್ತು. 38ರಲ್ಲಿ ಗ್ಯಾಸ್ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೇ ಕುದಿಯುತ್ತದೆ, ಅದಕ್ಕೇ ಸಣ್ಣ ಕೊಳವೆಯ ಮೇಲೆ ಬೆಳ್ಳಗೆ ಮಂಜು ಕಟ್ಟಿತ್ತು. ಮಂಜು ಕಂಡರೆ "ಸೂಪರ್ ಕೂಲಿಂಗ್" ಅನ್ನುವವರಿದ್ದಾರೆ, ಅದು ಉಲ್ಟಾ.

ಇಲ್ಲೊಂದು ವಿಷಯ. ಎಸಿ ಆಫ್ ಇರುವಾಗ ಗೇಜ್ ಹಾಕಿದರೆ 150ರ ಮೇಲೆ ತೋರಿಸುತ್ತದೆ, "ನೋಡಿ ಸಾರ್, ಗ್ಯಾಸ್ ಫುಲ್ ಉಂಟು" ಅನ್ನುವುದನ್ನೂ ಕೇಳಿದ್ದೇನೆ. ಆಫ್ ಇದ್ದಾಗಿನ ಒತ್ತಡ ಹೊರಗಿನ ಸೆಕೆಗೆ ತಕ್ಕಂತೆ ನಿಲ್ಲುತ್ತದೆ, 30 ಡಿಗ್ರಿಯಲ್ಲಿ ಆರ್‌22 ಸುಮಾರು 158. ಒಳಗೆ ಒಂದು ಲೋಟ ದ್ರವ ಉಳಿದಿದ್ದರೂ ಅಷ್ಟೇ, ಪೂರ್ತಿ ತುಂಬಿದ್ದರೂ ಅಷ್ಟೇ. ಅಡುಗೆ ಗ್ಯಾಸಿನ ಸಿಲಿಂಡರಿನಲ್ಲೂ ಇದೇ ನಿಯಮ, ಕೊನೆ ದಿನದ ತನಕ ಒಲೆ ಜೋರಾಗಿಯೇ ಉರಿಯುತ್ತದಲ್ವಾ.

ಹೀಟ್ ಪಂಪ್ ಆದ ಕಾರಣ ಫೋರ್‌-ವೇ ವಾಲ್ವ್ ಕೂಡ ನೋಡಬೇಕಿತ್ತು. ಗ್ಯಾಸಿನ ದಾರಿ ತಿರುಗಿಸಿ ತಂಪನ್ನು ಬಿಸಿ ಮಾಡುವ ಭಾಗ ಅದು. ವಾಲ್ವ್ ಒಳಗೇ ಸೋರಿದರೆ ಬಿಸಿ ಗ್ಯಾಸ್ ತಣ್ಣನೆಯ ಕಡೆಗೆ ನುಗ್ಗಿ, ಗ್ಯಾಸ್ ಸರಿ ಇದ್ದರೂ ಎಸಿ ಸೋತಂತೆ ಕಾಣುತ್ತದೆ. ಕಂಡುಹಿಡಿಯುವುದು ಕಷ್ಟವಿಲ್ಲ. ವಾಲ್ವಿಗೆ ಬರುವ ತಣ್ಣನೆಯ ಕೊಳವೆ, ಅಲ್ಲಿಂದ ಕಂಪ್ರೆಸರಿಗೆ ಹೋಗುವ ಕೊಳವೆ, ಎರಡಕ್ಕೂ ಥರ್ಮಾಮೀಟರ್ ಕಟ್ಟಿ ನೋಡಿ. ಎರಡು ಮೂರು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸಂಶಯ ಪಡಬೇಕು. ಇಲ್ಲಿ ಒಂದೇ ಡಿಗ್ರಿ. ಹೀಟ್ ಮೋಡಿಗೆ ಹಾಕಿದಾಗ ಟಕ್ ಅಂತ ವಾಲ್ವ್ ತಿರುಗಿತು, ಉಡುಪಿಯ ಮಾರ್ಚ್ ಮಧ್ಯಾಹ್ನ ಕೋಣೆಯೊಳಗೆ ಬಿಸಿಗಾಳಿ ಬರಲು ಶುರುವಾಯಿತು, ಎಲ್ಲರೂ ಒಮ್ಮೆಲೇ ಹೊರಗೆ ಬಂದೆವು.

ಇನ್ನು ತೂತು. ಸೋರಿಕೆ ಎಲ್ಲಿದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಕೊಳವೆಗಳನ್ನು ಯೂನಿಟ್ಟಿಗೆ ಬಿಗಿಯುವ ಫ್ಲೇರ್ ನಟ್ ಸಡಿಲವಾಗಿದ್ದರೆ ಅದು ಬರೀ ಕೂಲಿಯ ಖರ್ಚು, 15 ವರ್ಷದ ಎಸಿಯಾದರೂ ಮಾಡಿಸಬಹುದು. ಸೋಪಿನ ನೊರೆ ಹಚ್ಚಿದರೆ ನಾಲ್ಕು ನಟ್‌ಗಳಲ್ಲೂ ಗುಳ್ಳೆ ಬರಲಿಲ್ಲ. ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ನೈಟ್ರೋಜನ್ 250 ಪಿಎಸ್‌ಐಗೆ ತುಂಬಿಸಿ, ಔಟ್‌ಡೋರಿನ ಹಿಂಬದಿಗೆ ಹೋದೆವು.

ಹಿಂಬದಿ ಪಶ್ಚಿಮಕ್ಕಿತ್ತು, ನೇರ ಸಮುದ್ರದ ಕಡೆ. ಕೊಳವೆಗೆ ಜೋಡಿಸಿದ ತೆಳು ಅಲ್ಯೂಮಿನಿಯಂ ತಗಡುಗಳಿಗೆ, ಅಂದರೆ ಫಿನ್‌ಗಳಿಗೆ ಉಗುರು ತಾಗಿಸಿದೆ ಅಷ್ಟೆ, ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಉದುರಿದವು. ಒಳಗೆ ತಾಮ್ರದ ಕೊಳವೆ ಬರಿಮೈಯಲ್ಲಿ ನಿಂತಿದೆ, ಅಲ್ಲಲ್ಲಿ ಹಸಿರು. ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿರುವಲ್ಲಿ ಉಪ್ಪುನೀರಿನ ಪಸೆ ಸಿಕ್ಕಿದರೆ ಅಲ್ಲೇ ಸಣ್ಣ ಬ್ಯಾಟರಿಯಾಗಿ, ಅಲ್ಯೂಮಿನಿಯಂ ತಾನು ಕರಗುತ್ತಾ ಹೋಗುತ್ತದೆ. ಕೊಳವೆಗೆ ಅಂಟಿಕೊಂಡಿರಬೇಕಾದ ಫಿನ್ ಬಿಟ್ಟುಹೋದ ಮೇಲೆ ಶಾಖ ಹೊರಹೋಗಲು ದಾರಿ ಇಲ್ಲ, ಒತ್ತಡ ಏರುತ್ತದೆ, ಕೊಳವೆ ಇನ್ನಷ್ಟು ನಲುಗುತ್ತದೆ. ಕೆಳಗಿನ ಸಾಲಿನ ಯು ಬೆಂಡಿನಲ್ಲಿ ಎಣ್ಣೆಯ ಕಲೆ, ಅದರ ಮೇಲೆ ಧೂಳು ಮೆತ್ತಿತ್ತು. ಗ್ಯಾಸ್ ಸೋರುವಾಗ ಕಂಪ್ರೆಸರಿನ ಎಣ್ಣೆಯನ್ನೂ ಸ್ವಲ್ಪ ಸ್ವಲ್ಪ ಹೊರಗೆ ತರುತ್ತದೆ, ಆದ್ದರಿಂದ ಕಣ್ಣಿಗೆ ಕಾಣುವ ಜಿಡ್ಡು ಸೋರಿಕೆಯ ಒಳ್ಳೆಯ ಗುರುತು. ನೊರೆ ಹಚ್ಚಿದ್ದೇ ತಡ, ಗುಳ್ಳೆ ಉಬ್ಬಿತು. ಪಕ್ಕದ ಬೆಂಡಿನಲ್ಲೂ ಇನ್ನೊಂದು, ತುಂಬಾ ನಿಧಾನಕ್ಕೆ.

ಒಂದೇ ತೂತಾಗಿದ್ದರೆ ಬೆಸುಗೆ ಹಾಕಿಸಿ ಅಂತ ನಾನೇ ಹೇಳುತ್ತಿದ್ದೆ. ಎರಡು ಅಂದರೆ ಇಡೀ ಕಾಯಿಲ್ (ಈ ಕೊಳವೆ, ಫಿನ್‌ಗಳ ಜೋಡಣೆ) ತೆಳ್ಳಗಾಗಿದೆ, ಇಲ್ಲಿ ಮುಚ್ಚಿದರೆ ಅಲ್ಲಿ ಬಿಡುತ್ತದೆ. ಹಳೆಯ ಮಾಡೆಲಿನ ಕಾಯಿಲ್ ಕಂಪನಿಯಲ್ಲಿ ಸಿಗಲಿಲ್ಲ. ಅಳತೆ ಕೊಟ್ಟರೆ ಹೊಸ ಕಾಯಿಲ್ ಮಾಡಿಕೊಡುವವರು ಇದ್ದಾರೆ, ಗ್ಯಾಸ್ ಎಲ್ಲ ಸೇರಿ 14 ಸಾವಿರದ ಅಂದಾಜು ಬಂತು. ಕಂಪ್ರೆಸರ್ ಚೆನ್ನಾಗಿದೆ, ವಾಲ್ವ್ ಚೆನ್ನಾಗಿದೆ, ಮಾವನಿಗೆ ಆಸೆ.

ಆರ್‌22 ಬಗ್ಗೆ ಇಲ್ಲಿ ಹೇಳಲೇಬೇಕು. ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್ ಅದು, 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತೆಲ್ಲ ಬಿಡುತ್ತಾ ಬರುತ್ತಿದೆ. ಭಾರತದಲ್ಲಿ 2025ರ ಶುರುವಿನಿಂದ ಹೊಸ ಉಪಕರಣ ತಯಾರಿಸಲು ಆ ಜಾತಿಯ ಗ್ಯಾಸ್ ಬಳಸುವಂತಿಲ್ಲ. ರಿಪೇರಿಗೆ ಇನ್ನೂ ಸಿಗುತ್ತದೆ, ನಾಳೆಯೇ ಮಾಯವಾಗುವುದಿಲ್ಲ, ಆದ್ದರಿಂದ "ಗ್ಯಾಸ್ ಸಿಗುವುದಿಲ್ಲ, ಹೊಸದು ತಗೊಳ್ಳಿ" ಅಂತ ಅಂಗಡಿಯವರು ಹೆದರಿಸಿದರೆ ಹೆದರಬೇಡಿ. ಹೆದರಬೇಕಾದ್ದು ಇನ್ನೊಂದಕ್ಕೆ. ಆರ್‌22 ಎಸಿಗೆ ಆರ್‌32 ಅಥವಾ ಆರ್‌410ಎ ತುಂಬಿಸುತ್ತೇನೆ ಅನ್ನುವವರನ್ನು ಗೇಟಿನಿಂದಲೇ ಕಳಿಸಿ. ಆ ಗ್ಯಾಸುಗಳ ಒತ್ತಡ ಒಂದೂವರೆ ಪಟ್ಟಿಗಿಂತ ಜಾಸ್ತಿ, ಬೇಕಾದ ಎಣ್ಣೆಯೂ ಬೇರೆ, ಮೇಲಾಗಿ ಆರ್‌32ಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವೂ ಇದೆ. ಹಳೆಯ ಕಾಯಿಲಿನಲ್ಲಿ ಅದು ಆಟದ ಮಾತಲ್ಲ.

ಕರೆಂಟ್ ಬಿಲ್ಲಿನ ಲೆಕ್ಕವನ್ನೂ ಕೂತು ಹಾಕಿದೆ. ಹೊಸ ಎಸಿ ಕೊಂಡರೆ ಬಿಲ್ಲಿನಲ್ಲೇ ದುಡ್ಡು ವಾಪಸ್ ಬರುತ್ತದೆ ಅನ್ನುವುದು ಜಾಹೀರಾತಿನ ಮಾತು. ಮಾವನ ಮನೆಯಲ್ಲಿ ಎಸಿ ಓಡುವುದು ವರ್ಷಕ್ಕೆ ಸುಮಾರು 100 ರಾತ್ರಿ, ಏಳೇಳು ಗಂಟೆ. ಚೆನ್ನಾಗಿದ್ದಾಗಲೂ ಹಳೆಯದಕ್ಕೆ ವರ್ಷಕ್ಕೆ 900 ಯೂನಿಟ್ ಬೇಕು, ಐಎಸ್‌ಇಇಆರ್ 5 ಇರುವ ಹೊಸದಕ್ಕೆ 500. ಉಳಿಯುವುದು 400 ಯೂನಿಟ್. ಯೂನಿಟ್ಟಿಗೆ ಎಲ್ಲಾ ಸೇರಿ 6.50 ಅಂತ ಹಿಡಿದರೆ 2600 ರೂಪಾಯಿ. ಹೊಸದಕ್ಕೆ ಪೈಪು, ಕೂಲಿ ಎಲ್ಲಾ ಸೇರಿ 48 ಸಾವಿರ. ಬರೀ ಬಿಲ್ ನೋಡಿ ಬದಲಿಸುವುದಾದರೆ 18 ವರ್ಷ ಬೇಕು, ಅಷ್ಟು ಸಮಯ ಕಿದಿಯೂರಿನಲ್ಲಿ ಯಾವ ಎಸಿಯೂ ಬಾಳುವುದಿಲ್ಲ. ಗೃಹಜ್ಯೋತಿ ಇದ್ದವರಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಯಾಕೆಂದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೇ. ಏಪ್ರಿಲ್, ಮೇ ತಿಂಗಳಲ್ಲಿ ಇವರದ್ದು ಹೊಸ ಎಸಿಯಲ್ಲೂ 200 ದಾಟುತ್ತದೆ. ಅರ್ಧಂಬರ್ಧ ಓಡುವ ಮಾರ್ಚ್, ಅಕ್ಟೋಬರಿನಲ್ಲಿ ಹೊಸದಾದರೆ ಒಳಗೇ ಉಳಿಯುತ್ತದೆ. ಇಡೀ ದಿನ ಎಸಿ ಓಡಿಸುವ ಮನೆಯವರು, ಮಂಗಳೂರಿನ ಫ್ಲ್ಯಾಟಿನಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡುವವರು, ಅವರ ಲೆಕ್ಕ ಬೇರೆಯೇ. ಅಲ್ಲಿ ಹಳೇ ಎಸಿ ನಾಲ್ಕೈದು ವರ್ಷದಲ್ಲೇ ಹೊಸದರ ಬೆಲೆಯಷ್ಟು ಹೆಚ್ಚು ಬಿಲ್ ತಿನ್ನಬಹುದು.

ಹಾಗಾಗಿ ಬದಲಿಸಬೇಕು ಅಂತ ನಾನು ಹೇಳಿದ್ದು ವಯಸ್ಸು ನೋಡಿ ಅಲ್ಲ, ಬಿಲ್ ನೋಡಿಯೂ ಅಲ್ಲ, ಕಾಯಿಲ್ ನೋಡಿ. ಇದೇ ಎಸಿ ಮಣಿಪಾಲದ ಗುಡ್ಡದ ಮೇಲಿದ್ದು ಫ್ಲೇರ್ ನಟ್ ಸೋರಿದ್ದರೆ ಇನ್ನೂ ಮೂರ್ನಾಲ್ಕು ವರ್ಷ ಓಡಿಸಿ ಅನ್ನುತ್ತಿದ್ದೆ. 14 ಸಾವಿರ ಹಾಕಿ ಹೊಸ ಕಾಯಿಲ್ ಹಾಕಿಸಿದರೆ ಮುಂದಿನ ಸರದಿ 15 ವರ್ಷದ ಇಂಡೋರ್ ಕಾಯಿಲಿನದ್ದು, ಇಲ್ಲದಿದ್ದರೆ ಪಿಸಿಬಿಯದ್ದು, ಆ ಪಿಸಿಬಿ ಈಗ ಎಲ್ಲೂ ಸಿಗುವುದಿಲ್ಲ.

ಹೊಸದು ತೆಗೆದುಕೊಂಡೆವು. ಹಾಟ್ ಆ್ಯಂಡ್ ಕೋಲ್ಡ್ ಬೇಡ ಅನ್ನಲು ಮಾವನಿಗೆ ಸ್ವಲ್ಪ ಬೇಜಾರೇ ಇತ್ತು. 2025ರ ಸೆಪ್ಟೆಂಬರಿನಲ್ಲಿ ಎಸಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಅವರಿಗೆ ಸಮಾಧಾನ ತಂದ ಒಂದೇ ಸಂಗತಿ. ಅಂಗಡಿಯಲ್ಲಿ ಡಬ್ಬದ ಮೇಲಿನ ತಿಂಗಳು, ವರ್ಷ ಓದಿಯೇ ಹಣ ಕೊಟ್ಟೆವು. ಇಂಡೋರ್, ಔಟ್‌ಡೋರ್ ಎರಡು ಡಬ್ಬಗಳನ್ನೂ ನೋಡಿ, ಎರಡರ ತಾರೀಖು ಬೇರೆ ಬೇರೆ ಇರಬಹುದು. ಲೇಬಲಿನಲ್ಲಿ ಅದು ಯಾವ ಅವಧಿಗೆ ಅಂತಲೂ ಬರೆದಿರುತ್ತದೆ, ಹೋದ ಅವಧಿಯದ್ದಾದರೆ ರಿಯಾಯಿತಿ ಕೇಳಬಹುದು.

ಹಾಕಿಸುವಾಗ ಮಾಡಿದ ಮುಖ್ಯ ಕೆಲಸ ಔಟ್‌ಡೋರಿನ ಜಾಗ ಬದಲಿಸಿದ್ದು. ಪಶ್ಚಿಮದ ಗೋಡೆ ಬಿಟ್ಟು ಪೂರ್ವಕ್ಕೆ, ಸಜ್ಜದ ಕೆಳಗೆ. ಪೈಪು ಎರಡು ಮೀಟರ್ ಉದ್ದವಾಯಿತು, ಆಗಲಿ. ಹಳೆಯ ತಾಮ್ರದ ಪೈಪನ್ನೇ ಬಳಸುವ ಅಂತ ಹುಡುಗರು ಹೇಳಿದರು, ಬೇಡ ಅಂದೆ. ಒಳಗೆ ಆರ್‌22 ಎಸಿಯ ಹಳೇ ಎಣ್ಣೆ ಇದೆ, ಹೊಸದರ ಗ್ಯಾಸ್ ಆರ್‌32ಗೆ ಒತ್ತಡವೂ ಜಾಸ್ತಿ. ವ್ಯಾಕ್ಯೂಮ್ ಪಂಪ್ ಹಚ್ಚಿ ಅರ್ಧ ಗಂಟೆ ಓಡಿಸಿ ಅಂತ ಕೂತು ನೋಡಿದೆ. ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರಹಾಕುವ ಅಭ್ಯಾಸ ಇನ್ನೂ ಇದೆ, ಒಪ್ಪಬೇಡಿ, ತೇವ ಒಳಗೆ ಉಳಿದರೆ ಕಂಪ್ರೆಸರ್ ಹಾಳಾಗುತ್ತದೆ. ಸ್ಟ್ಯಾಂಡಿಗೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್. ಬ್ಲೂ ಫಿನ್ ಲೇಪ ಇರುವ ಕಾಯಿಲ್ ಇದ್ದರೆ ಒಳ್ಳೆಯದು, ಆದರೆ ಅದೇ ಎಲ್ಲ ಕಾಪಾಡುತ್ತದೆ ಅಂತ ನಂಬಿ ಕೂರುವಂತಿಲ್ಲ, ತೊಳೆಯಬೇಕು. ಮೇನ್ ಆಫ್ ಮಾಡಿ, ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟರೆ ಸಾಕು, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಇವರ ಬೋರ್‌ವೆಲ್ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅದರಲ್ಲಿ ತೊಳೆದರೆ ತೊಳೆಯದಿದ್ದ ಹಾಗೆಯೇ. ನಳ್ಳಿಯಲ್ಲಿ ಬರುವ ಸ್ವರ್ಣಾ ನದಿಯ ಸಿಹಿನೀರನ್ನೇ ಬಳಸಿ ಅಂತ ಹೇಳಿದ್ದೇನೆ. ಮಳೆಗಾಲಕ್ಕೆ ಪ್ಲಾಸ್ಟಿಕ್ ಸುತ್ತುವುದೂ ಬೇಡ, ಒಳಗಿನ ಪಸೆ ಹೊರಹೋಗಲು ದಾರಿಯಿಲ್ಲದೆ ತುಕ್ಕು ಬೇಗ ಹಿಡಿಯುತ್ತದೆ. ತೆಂಗಿನ ಮಡಲಿನ ತಟ್ಟಿ ಸ್ವಲ್ಪ ದೂರಕ್ಕೆ ಅಡ್ಡ ಕಟ್ಟಿದರೆ ಇರಚಲು ನಿಲ್ಲುತ್ತದೆ, ಗಾಳಿಯೂ ಆಡುತ್ತದೆ. ಹಾಕಿದ ತಿಂಗಳು, ವರ್ಷವನ್ನು ಇಂಡೋರಿನ ಪ್ಯಾನಲ್ ಒಳಗೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿದ್ದೇನೆ, ಎರಡೂ ಸ್ಟಿಕ್ಕರಿನ ಫೋಟೋ ಮನೆಯವರ ಗುಂಪಿಗೆ ಹಾಕಿಯಾಯಿತು.

ಹಳೆಯದನ್ನು ಗುಜರಿಯವನಿಗೆ ಹಾಗೇ ಕೊಡಲಿಲ್ಲ. ಎಸಿ ಈಗ ಇ-ತ್ಯಾಜ್ಯದ ಲೆಕ್ಕಕ್ಕೆ ಬರುತ್ತದೆ, ಗುಜರಿಯಲ್ಲಿ ಕೊಳವೆ ಕಡಿದು ಗ್ಯಾಸ್ ಗಾಳಿಗೆ ಬಿಡುವುದೇ ಹೆಚ್ಚು. ನಮ್ಮದರ ಗ್ಯಾಸ್ ಮೊದಲೇ ಸಿಲಿಂಡರಿಗೆ ಹೋಗಿತ್ತು. 2016ರ ಕಂಪ್ರೆಸರ್ ಮತ್ತು ಫೋರ್‌-ವೇ ವಾಲ್ವನ್ನು ಆ ಹುಡುಗನೇ ಬಿಡಿಭಾಗಕ್ಕೆ ಅಂತ ತೆಗೆದುಕೊಂಡ, ಬದಲಿಗೆ ಅವನ ಪರೀಕ್ಷೆಯ ಕೂಲಿ ಚುಕ್ತಾ. ಉಳಿದದ್ದನ್ನು ಹೊಸ ಎಸಿಯ ಅಂಗಡಿಯವರು ಎಕ್ಸ್‌ಚೇಂಜಿಗೆ ಒಯ್ದರು, ಕಂಪ್ರೆಸರ್ ಇಲ್ಲ ಅಂತ 1500 ಕಡಿಮೆ ಮಾಡಿ. ಪಶ್ಚಿಮದ ಗೋಡೆಯಲ್ಲಿ ಹಳೇ ಸ್ಟ್ಯಾಂಡಿನ ನಾಲ್ಕು ಬೋಲ್ಟ್ ಇನ್ನೂ ಉಳಿದಿವೆ, ಮಳೆ ಹಿಡಿಯುವ ಮೊದಲು ಗ್ರೈಂಡರ್ ತಂದು ಕತ್ತರಿಸಿ ತೂತು ಮುಚ್ಚಬೇಕು, ಇಲ್ಲದಿದ್ದರೆ ತುಕ್ಕಿನ ನೀರು ಗೋಡೆಯುದ್ದಕ್ಕೂ ಇಳಿಯುತ್ತದೆ.